ಅರ್ಥ ಯಾರದು?

ಕಾಪುವಿನಲ್ಲಿ ತಾಳಮದ್ದಳೆ ಕೇಳಿ ಮರಳುವಾಗ, ಮಣಿಪಾಲದಲ್ಲಿ ಓದುವ ಶಿಷ್ಯನೊಬ್ಬ, “ನಮ್ಮದೂ ಇಂಥದೇ ಆಟ ಸರ್, ಜೊತೆಗೆ ದಾಳ ಬೇಕು ಅಷ್ಟೆ” ಎಂದ. 1974ರಲ್ಲಿ ಅಮೆರಿಕೆಯಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ, ವೇಷವಿಲ್ಲದೆ ಮಾತಿನಲ್ಲೇ ಕಥೆ ಕಟ್ಟುವರು. ನಿಯಮದ ಪುಸ್ತಕ ಮಾತ್ರ ಪ್ರಕಾಶಕರದು.

ಆ ನಿಯಮಗಳನ್ನು ಆಧರಿಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದೆಂದು ಪ್ರಕಾಶಕರೇ 2000ದಲ್ಲಿ ಪರವಾನಗಿ ಕೊಟ್ಟಿದ್ದರು. 2023ರ ಜನವರಿಯಲ್ಲಿ ಹೊಸ ಕರಡೊಂದು ಬಯಲಾಯಿತು: ಹಳೆಯ ಪರವಾನಗಿಗೆ ಇನ್ನು ಮಾನ್ಯತೆಯಿಲ್ಲ, ವರ್ಷದ ವರಮಾನ ಏಳೂವರೆ ಲಕ್ಷ ಡಾಲರು ದಾಟಿದರೆ, ದಾಟಿದ ಹಣದಲ್ಲಿ ಶೇಕಡ 25ರವರೆಗೆ ಪಾಲು ಸಲ್ಲಬೇಕು.

ಪ್ರಸಂಗದ ಪುಸ್ತಕ ಅಚ್ಚು ಹಾಕಿದವರು ಅರ್ಥಧಾರಿಯ ಮಾತಿನಲ್ಲೂ ಪಾಲು ಕೇಳಿದರೆ ಉಡುಪಿ, ಕಾರ್ಕಳದ ರಸಿಕರು ಸುಮ್ಮನಿದ್ದಾರೆಯೇ? (ನಮ್ಮಲ್ಲಂತೂ ಅರ್ಥಧಾರಿಯೇ ಒಮ್ಮೊಮ್ಮೆ ಕವಿಯನ್ನು ಮೀರಿಸುತ್ತಾನೆ!) ಅಲ್ಲಿನವರೂ ಸುಮ್ಮನಿರಲಿಲ್ಲ. ಅನೇಕರು ಪ್ರಕಾಶಕರ ಜಾಲತಾಣದ ಚಂದಾ ನಿಲ್ಲಿಸಿದರು. ಜನವರಿ 27ರಂದು ಪ್ರಕಾಶಕರು ಹಿಂದೆ ಸರಿದು, ಮೂಲ ನಿಯಮಗಳನ್ನು ಮತ್ತೆ ಕಸಿದುಕೊಳ್ಳಲಾಗದಂತೆ ಎಲ್ಲರಿಗೂ ಬಿಟ್ಟುಕೊಟ್ಟರು.

“ಹಾಗಾದರೆ ಗೆದ್ದಿರಲ್ಲ!” ಎಂದೆ.

“ಗೆದ್ದೆವು ಸರ್. ಈಗ ಹೊಸ ಪುಸ್ತಕ ಕೊಂಡರೆ ಕಥೆಗೆ ಮೊದಲು ಕೊನೆಯ ಪುಟದ ಸಣ್ಣ ಅಕ್ಷರ ಓದುತ್ತೇವೆ.”