ತಡವಾದ ವಿಮಾನ, ತಲೆಗೆ 77 ರೂಪಾಯಿ

ವಿಮಾನ ಕಂಪನಿ ಇಂಡಿಗೊಗೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 22.20 ಕೋಟಿ ರೂಪಾಯಿ ದಂಡ ಹಾಕಿದ್ದೇ ತಡ, ಸಾಕೋ ಸಾಲದೋ ಎಂಬ ಚರ್ಚೆ ಶುರುವಾಯಿತು. 2025ರ ಡಿಸೆಂಬರ್ 3ರಿಂದ 5ರವರೆಗೆ 2,507 ಹಾರಾಟ ರದ್ದಾಗಿ, 1,852 ತಡವಾಗಿ, ಮೂರು ಲಕ್ಷಕ್ಕೂ ಹೆಚ್ಚು ಮಂದಿ ನಿಲ್ದಾಣಗಳಲ್ಲಿ ಪರದಾಡಿದ್ದಕ್ಕೆ ಈ ದಂಡ. ದುಡ್ಡು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಹಾರಾಟ ರದ್ದಾದವರಿಗಾದರೂ ನಿಯಮದಲ್ಲಿ ಐದರಿಂದ ಹತ್ತು ಸಾವಿರದವರೆಗಿನ ಪರಿಹಾರವಿದೆ. ತಡವಾದ ವಿಮಾನಕ್ಕೆ ಕಾದು ಕೂತವರಿಗೆ ಅದೇ ನಿಯಮ ಕೊಡುವುದು ತಿಂಡಿ, ಊಟ. ದಂಡದ ಮೊತ್ತ ಎಷ್ಟೇ ಏರಲಿ, ತಡಕ್ಕೆ ನಗದು ಪರಿಹಾರ ಬರೆಯುವತನಕ ಏನೂ ಬದಲಾಗದು.

ಡಿಜಿಸಿಎ ಪ್ರತಿ ತಿಂಗಳೂ ಹೊರಡಿಸುವ ವರದಿಯಲ್ಲೇ ಇದಕ್ಕೆ ಪುರಾವೆ ಇದೆ. ಪತ್ರಿಕೆಗಳು ಅದರಿಂದ ಪ್ರಯಾಣಿಕರ ಸಂಖ್ಯೆ, ಮಾರುಕಟ್ಟೆ ಪಾಲು ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತವೆ. 2024ರ ಜನವರಿಯ ಲೆಕ್ಕ ನೋಡಿ. ಟಿಕೆಟ್ ಇದ್ದೂ ವಿಮಾನ ಹತ್ತಲು ಬಿಡದೆ ವಾಪಸ್ ಕಳಿಸಿದವರು 1,374 ಮಂದಿ. ಅವರಿಗಾಗಿ ಕಂಪನಿಗಳು ಖರ್ಚು ಮಾಡಿದ್ದು 1.28 ಕೋಟಿ. ತಲೆಗೆ ಸುಮಾರು 9,300 ರೂಪಾಯಿ. ಅದೇ ತಿಂಗಳು ವಿಳಂಬದಿಂದ ತೊಂದರೆಗೊಳಗಾದವರು 4.82 ಲಕ್ಷ, ಖರ್ಚು 3.69 ಕೋಟಿ. ಭಾಗಿಸಿದರೆ ತಲೆಗೆ 77 ರೂಪಾಯಿ! ನಿಲ್ದಾಣದೊಳಗಿನ ಎಷ್ಟೋ ಅಂಗಡಿಗಳಲ್ಲಿ ಅಷ್ಟಕ್ಕೆ ಒಂದು ಕಾಫಿಯೂ ಬರುವುದಿಲ್ಲ. ಅವೇ ಕಂಪನಿಗಳು, ಅದೇ ತಿಂಗಳು. ಒಂದು ಕಡೆ ನಿಯಮ ಮೊತ್ತ ನಮೂದಿಸಿದೆ, ಇನ್ನೊಂದು ಕಡೆ ಉಪಾಹಾರ ಎಂದು ಬರೆದು ಕೈತೊಳೆದುಕೊಂಡಿದೆ.

ಆ ಉಪಾಹಾರವೂ ಸಲೀಸಲ್ಲ. ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ ಎರಡು ಗಂಟೆ ತಡವಾಗುವ ನಿರೀಕ್ಷೆ ಇರಬೇಕು. ಯಾರ ನಿರೀಕ್ಷೆ? ಕಂಪನಿಯದೇ. ಆದ್ದರಿಂದಲೇ ಮೊಬೈಲಿಗೆ ಮೊದಲು ನಲವತ್ತು ನಿಮಿಷ ತಡ ಎಂಬ ಸಂದೇಶ ಬರುತ್ತದೆ. ಆಮೇಲೆ ಇನ್ನೊಂದು ಅರ್ಧ ಗಂಟೆ, ಮತ್ತೆ ಮುಕ್ಕಾಲು ಗಂಟೆ. ಗೇಟಿನಲ್ಲಿ ಸ್ಯಾಂಡ್‌ವಿಚ್ ಡಬ್ಬಿ, ಜ್ಯೂಸ್ ಪೊಟ್ಟಣದ ಟ್ರಾಲಿ ಕಾಣಿಸುವ ಹೊತ್ತಿಗೆ ಮಕ್ಕಳು ಅತ್ತು ನಿದ್ದೆ ಹೋಗಿರುತ್ತವೆ. ಆರು ಗಂಟೆ ದಾಟುತ್ತದೆಂದಾದರೆ ಮಾತ್ರ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಎಂಬ ಆಯ್ಕೆ.

ಜನವರಿ ಮಂಜಿನ ತಿಂಗಳು, ಅದನ್ನು ಹಿಡಿದು ವಾದಿಸುವುದು ಸರಿಯೇ ಎಂದು ಕೇಳಬಹುದು. ಮಂಜಿಗೆ ಯಾರೂ ಪರಿಹಾರ ಕೇಳುತ್ತಿಲ್ಲ. ಆದರೆ ದಟ್ಟ ಮಂಜಿನಲ್ಲಿ ಇಳಿಸುವ ತರಬೇತಿ ಪಡೆದ ಪೈಲಟ್‌ಗಳನ್ನು ದೆಹಲಿಯ ಹಾರಾಟಗಳಿಗೆ ನಿಯೋಜಿಸಿರಲಿಲ್ಲವೆಂದು ಏರ್ ಇಂಡಿಯಾ, ಸ್ಪೈಸ್‌ಜೆಟ್‌ಗಳಿಗೆ ತಲಾ 30 ಲಕ್ಷ ದಂಡ ಬಿದ್ದದ್ದೂ ಅದೇ ಜನವರಿಯಲ್ಲಿ. ಮಂಜು ಎಲ್ಲಿ ಮುಗಿಯಿತು, ಕಂಪನಿಯ ಉಳಿತಾಯ ಎಲ್ಲಿ ಶುರುವಾಯಿತು ಎಂದು ಗೇಟಿನಲ್ಲಿ ಕೂತವನು ಸಾಬೀತು ಮಾಡಬೇಕೇ?

ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಎಂದೋ ಹೇಳಿದೆ, ಅದೂ ರೈಲಿನ ವಿಷಯದಲ್ಲಿ. ಜಮ್ಮುವಿಗೆ ಹೊರಟ ರೈಲು ನಾಲ್ಕು ಗಂಟೆ ತಡವಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಪ್ರಯಾಣಿಕನಿಗೆ ಟ್ಯಾಕ್ಸಿ ಖರ್ಚು, ಮಾನಸಿಕ ಯಾತನೆ ಎಲ್ಲ ಸೇರಿಸಿ 35 ಸಾವಿರ ಕೊಡಬೇಕೆಂಬ ಆದೇಶವನ್ನು ಅದು 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ವಿಳಂಬ ತನ್ನ ಕೈಮೀರಿದ್ದು ಎಂದು ರುಜುವಾತು ಮಾಡುವ ಹೊಣೆ ರೈಲ್ವೆಯದೇ ಎಂದಿತು. ಅಗ್ಗದ ಟಿಕೆಟ್‌ನ ರೈಲಿಗೆ ಹೊರಿಸಿದ ಈ ಹೊಣೆಯನ್ನು ವಿಮಾನಕ್ಕೆ ಏಕೆ ಹೊರಿಸಬಾರದು? ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಇದೆ, ನಿಜ. ಆದರೆ ವರ್ಷಗಟ್ಟಲೆ ಅಲೆಯುವ ತಾಳ್ಮೆ ಎಷ್ಟು ಜನಕ್ಕಿದೆ?

ಪರಿಹಾರ ಬಂದರೆ ದರ ಏರುತ್ತದೆ ಎಂಬ ಹಳೇ ರಾಗಕ್ಕೆ ಒಂದೇ ಉತ್ತರ. ಏರ್ ಇಂಡಿಯಾ ವಿಮಾನ ಫ್ರಾಂಕ್‌ಫರ್ಟ್‌ನಿಂದ ಹೊರಟು ತನ್ನ ತಪ್ಪಿಗೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ದೆಹಲಿ ಮುಟ್ಟಿದರೆ ಯುರೋಪಿನ ಕಾನೂನಿನ ಪ್ರಕಾರ ಪ್ರಯಾಣಿಕನಿಗೆ 600 ಯೂರೊವರೆಗೆ ಕೊಡಬೇಕು. ಆ ಕಂಪನಿ ಫ್ರಾಂಕ್‌ಫರ್ಟ್ ಬಿಟ್ಟು ಓಡಿಹೋಗಿಲ್ಲ. ಅದೇ ವಿಮಾನ ದೆಹಲಿಯಿಂದ ಅಷ್ಟೇ ತಡವಾಗಿ ಹೊರಟರೆ ಆ ಕಾನೂನು ಅನ್ವಯಿಸದು.

ಡಿಜಿಸಿಎ ಮಾಡಬೇಕಾದ್ದು ದೊಡ್ಡದೇನಲ್ಲ. ರದ್ದತಿಗೆ ಈಗಾಗಲೇ ಇರುವ ಪರಿಹಾರದ ಪಟ್ಟಿಯನ್ನೇ ಮೂರು ಗಂಟೆ ಮೀರಿದ ವಿಳಂಬಕ್ಕೂ ವಿಸ್ತರಿಸಲಿ. ಗಂಟೆಯ ಎಣಿಕೆ ಟಿಕೆಟ್‌ನಲ್ಲಿ ಮೊದಲು ಅಚ್ಚಾದ ಸಮಯದಿಂದಲೇ ಶುರುವಾಗಲಿ. ಕಾರಣ ತನ್ನದಲ್ಲವೆಂದು ಕಂಪನಿ ದಾಖಲೆ ತೋರಿಸಲಿ, ತೋರಿಸದಿದ್ದರೆ ಟಿಕೆಟ್ ಕೊಂಡ ಖಾತೆಗೇ ಹಣ ಬೀಳಲಿ.