ಕಾರ್ಡು ಹೊಸದು, ಆಟ ಹಳೆಯದೇ

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಚಳಿಗಾಲ ಬಂತೆಂದರೆ ಹಲವು ಮನೆಗಳಿಗೆ ಬೀಗ ಬೀಳುತ್ತದೆ. ಹಿರಿಯರು ಸ್ವೆಟರುಗಳ ಗಂಟು ಕಟ್ಟಿಕೊಂಡು ದೂರದ ಊರುಗಳ ಪೇಟೆಗೆ ಹೋಗಿ, ಹೊಸ ವರ್ಷದ ಹಬ್ಬ ಲೋಸಾರ್ ಹೊತ್ತಿಗೆ ಮರಳುತ್ತಾರೆ. ಆ ಮೂರು-ನಾಲ್ಕು ತಿಂಗಳ ವ್ಯಾಪಾರದ ಮೇಲೆ ಇಡೀ ವರ್ಷದ ಸಂಸಾರ ನಡೆಯಬೇಕು. ಈ ಸಲ ಹಾಗೆ ಮರಳಿದ ತಾಯಿಯೊಬ್ಬರು ತಮ್ಮ ಉಳಿತಾಯದಿಂದ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಹಣ ತೆಗೆದು ಮಗನ ಕೈಗಿತ್ತರು. ಮಗ ಪಿಯುಸಿ ಎರಡನೇ ವರ್ಷದವನು, ನನ್ನ ಹಳೆಯ ವಿದ್ಯಾರ್ಥಿ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ವಿದ್ಯೆಯನ್ನೇ ಮುಂದೆ ಕಲಿಯಬೇಕೆಂಬ ಆಸೆ ಅವನದು. ಜೊತೆಗೆ ವಿಡಿಯೊ ಆಟದ ಹುಚ್ಚೂ ಉಂಟು. ಆ ಹಣದಲ್ಲಿ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ತಂದ. ವಾರದೊಳಗೆ ನನಗೆ ಫೋನ್ ಬಂತು.

“ಗೆನ್‌ಲಾ, ಒಂದ್ ಸಲ ಬಂದು ನೋಡ್ರಿ. ಕಾರ್ಡ್ ಹೊಸಾದು ಹಾಕೇನಿ, ಆಟ ಮಾತ್ರ ಮೊದಲಿನಂಗ ಕುಂಟಾಕತ್ತೈತಿ.”

ಗೆನ್‌ಲಾ ಎಂದರೆ ಟಿಬೆಟನ್ನರಲ್ಲಿ ‘ಗುರುಗಳೇ’ ಎಂದ ಹಾಗೆ. ಕರೆದ ಮೇಲೆ ಹೋಗದಿರಲಾದೀತೆ? ಭಾನುವಾರ ಹೋದೆ. ಬೆಣ್ಣೆ ಚಹಾ ಕೊಟ್ಟ ತಾಯಿ ಕೇಳಿದ್ದು ಒಂದೇ ಮಾತು: “ಸರ್, ರೊಕ್ಕಾ ನೀರಿಗೆ ಹೋತೇನ್ರಿ?”

ಈ ಪ್ರಶ್ನೆ ಆ ಒಬ್ಬ ತಾಯಿಯದಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲೋ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲೋ ಮಕ್ಕಳ ಒತ್ತಾಯಕ್ಕೆ ಮಣಿದು ಹಣ ಎಣಿಸುವ ಎಲ್ಲ ಪೋಷಕರದೂ ಹೌದು. ಆದ್ದರಿಂದ ಈ ವಾರ ಅದರ ಉತ್ತರವನ್ನೇ ನೋಡೋಣ.

ಮೊದಲು ‘ಫ್ರೇಮ್ ರೇಟ್’ ಎಂದರೇನು? ಪರದೆಯ ಮೇಲೆ ಕಾಣುವ ಚಲನೆ ನಿಜವಾಗಿ ನಿಶ್ಚಲ ಚಿತ್ರಗಳ ಸಾಲು. ಒಂದರ ಹಿಂದೊಂದು ಬೇಗ ಬೇಗ ಬಂದಾಗ ನಮ್ಮ ಕಣ್ಣು ಮತ್ತು ಮಿದುಳು ಅದನ್ನು ಚಲನೆಯೆಂದು ಗ್ರಹಿಸುತ್ತವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಸಾಕು. ಆಟದಲ್ಲಿ ಸಾಲದು. ಸಿನಿಮಾವನ್ನು ನಾವು ಬರಿದೆ ನೋಡುತ್ತೇವೆ. ಆಟದಲ್ಲಿ ನಮ್ಮ ಬೆರಳು ಒತ್ತಿದ್ದಕ್ಕೆ ಪರದೆ ಕೂಡಲೇ ಉತ್ತರ ಕೊಡಬೇಕು. ಅಲ್ಲದೆ ಸಿನಿಮಾದ ಚಿತ್ರವೆಲ್ಲ ಮೊದಲೇ ಸಿದ್ಧವಾಗಿರುತ್ತದೆ. ಆಟದ ಚಿತ್ರ ಆ ಕ್ಷಣದಲ್ಲಿ ಹುಟ್ಟಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಅರವತ್ತನೆಯ ಒಂದು ಪಾಲು. 1920ಕ್ಕೆ 1080 ಅಳತೆಯ ಪರದೆಯಲ್ಲಿ 20,73,600 ಬಿಂದುಗಳಿವೆ. ಅವನ್ನು ಸೆಕೆಂಡಿಗೆ 60 ಸಲ ಬರೆಯುವುದೆಂದರೆ 12 ಕೋಟಿ 44 ಲಕ್ಷ ಬಿಂದುಗಳಿಗೆ ಬಣ್ಣ ತುಂಬಿದ ಹಾಗೆ!

ಈ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಇವರ ಪಾಲುದಾರಿಕೆಯನ್ನು ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದಾಗ ನಾನು ಕುಳಿತಿದ್ದ ಮಣೆಯ ಮೇಲಿನ ರತ್ನಗಂಬಳಿ ಕಣ್ಣಿಗೆ ಬಿತ್ತು. ನೀಲಿ ನೆಲದ ಮೇಲೆ ಎರಡು ಡ್ರ್ಯಾಗನ್‌ಗಳು. ಅದನ್ನು ನೇಯ್ದವರಲ್ಲಿ ಈ ತಾಯಿಯೂ ಒಬ್ಬರು. ಹರೆಯದಲ್ಲಿ ಕೆಲವು ವರ್ಷ ಕಂಬಳಿ ನೇಯ್ದವರು.

ಟಿಬೆಟನ್ ರತ್ನಗಂಬಳಿ ಹುಟ್ಟುವುದು ಹೀಗೆ. ನಕ್ಷೆಗಾರ ಚೌಕಳಿ ಹಾಳೆಯ ಮೇಲೆ ನಕ್ಷೆ ಬರೆಯುತ್ತಾನೆ. ಒಂದು ಚೌಕಕ್ಕೆ ಒಂದು ಗಂಟು. ಅಗಲವಾದ ಮಗ್ಗದ ಮುಂದೆ ನೇಯುವವರು ಸಾಲಾಗಿ ಕುಳಿತು, ಅವರವರ ಪಾಲಿನ ಅಗಲದಲ್ಲಿ ಉಣ್ಣೆಯ ದಾರವನ್ನು ಸಲಾಕೆಗೆ ಸುತ್ತಿ ಗಂಟು ಹಾಕುತ್ತಾ, ಕತ್ತರಿಸುತ್ತಾ ಹೋಗುತ್ತಾರೆ. ನಕ್ಷೆಗಾರನ ಕೆಲಸದಲ್ಲಿ ವಿಚಾರ ಹೆಚ್ಚು: ಡ್ರ್ಯಾಗನ್ ಎಲ್ಲಿ ತಿರುಗಬೇಕು, ಮೋಡ ಎಲ್ಲಿ ಬರಬೇಕು, ಅಂಚು ಎಷ್ಟಿರಬೇಕು. ಒಂದನ್ನು ತೀರ್ಮಾನಿಸಿದ ಮೇಲೆಯೇ ಇನ್ನೊಂದು. ನೇಯುವವರದು ಒಂದೇ ಬಗೆಯ ಕೆಲಸ. ಆದರೆ ಲಕ್ಷಗಟ್ಟಲೆ ಸಲ. ಅದನ್ನು ಹಲವರು ಏಕಕಾಲಕ್ಕೆ ಮಾಡಬಹುದು.

ಕಂಪ್ಯೂಟರಿನ ನಕ್ಷೆಗಾರನೇ ಪ್ರೊಸೆಸರ್. ಅದರಲ್ಲಿ ನಾಲ್ಕೋ ಎಂಟೋ ಹದಿನಾರೋ ‘ಕೋರ್’ಗಳೆಂಬ ಚುರುಕು ಮಿದುಳುಗಳು. ಆಟಗಾರ ಯಾವ ಗುಂಡಿ ಒತ್ತಿದ, ಎದುರಾಳಿ ಯಾವ ಕಡೆ ಓಡಬೇಕು, ಚೆಂಡು ಗೋಡೆಗೆ ಬಡಿದು ಎತ್ತ ಪುಟಿಯಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ, ‘ಇಂಥಿಂಥ ವಸ್ತುವನ್ನು ಇಂಥಲ್ಲಿ ಬಿಡಿಸು’ ಎಂದು ಅದು ಆದೇಶಗಳ ಪಟ್ಟಿ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ನೇಯುವವರ ತಂಡ. ಅದರೊಳಗೆ ಸಾವಿರಾರು ಸಣ್ಣ ಲೆಕ್ಕಿಗರು ಒಟ್ಟಿಗೆ ಕುಳಿತು ಒಂದೊಂದು ಬಿಂದುವಿನ ಬಣ್ಣವನ್ನು ಗುಣಿಸುತ್ತಾರೆ.

ಈಗ ಮುಖ್ಯ ಮಾತಿಗೆ ಬರೋಣ. ತಂಡ ಒಂದು ಚಿತ್ರವನ್ನು ನೇಯುತ್ತಿರುವಾಗ ನಕ್ಷೆಗಾರ ಸುಮ್ಮನೆ ಕೂರುವುದಿಲ್ಲ. ಮುಂದಿನ ಚಿತ್ರದ ನಕ್ಷೆ ಬರೆಯುತ್ತಿರುತ್ತಾನೆ. ಆದ್ದರಿಂದ ಇಬ್ಬರ ಕಾಲವನ್ನು ಕೂಡಿಸುವಂತಿಲ್ಲ, ಸರಾಸರಿ ತೆಗೆಯುವಂತೆಯೂ ಇಲ್ಲ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಲೆಕ್ಕ.

ಉದಾಹರಣೆ ನೋಡಿ. ಪ್ರೊಸೆಸರಿಗೆ ಒಂದು ಚಿತ್ರಕ್ಕೆ 10 ಮಿಲಿಸೆಕೆಂಡು, ಕಾರ್ಡಿಗೆ 20 ಬೇಕು ಎನ್ನಿ. 20 ಮಿಲಿಸೆಕೆಂಡಿಗೊಂದು ಚಿತ್ರ ಬಂದರೆ ಸೆಕೆಂಡಿಗೆ 50. ಕಾರ್ಡನ್ನು ಎರಡರಷ್ಟು ವೇಗದ್ದಕ್ಕೆ ಬದಲಿಸಿದಿರಿ: ಎರಡೂ 10ಕ್ಕೆ ಬಂದವು, ಸೆಕೆಂಡಿಗೆ 100 ಚಿತ್ರ. ಕೊಟ್ಟ ಹಣ ಸಾರ್ಥಕ. ಉಮೇದಿನಲ್ಲಿ ಇನ್ನೂ ಎರಡರಷ್ಟು ವೇಗದ ಕಾರ್ಡ್ ತಂದಿರಿ: ಕಾರ್ಡಿಗೆ 5 ಸಾಕು, ಪ್ರೊಸೆಸರಿಗೆ ಈಗಲೂ 10 ಬೇಕು. ಸೆಕೆಂಡಿಗೆ ಅದೇ 100! ಎರಡನೆಯ ಸಲ ಕೊಟ್ಟ ಹಣಕ್ಕೆ ಒಂದು ಚಿತ್ರವೂ ಹೆಚ್ಚಲಿಲ್ಲ.

ಪಿಯುಸಿ ರಸಾಯನಶಾಸ್ತ್ರ ಓದುವವರಿಗೆ ಇದು ಹೊಸತಲ್ಲ. 4 ಗ್ರಾಂ ಜಲಜನಕ, 32 ಗ್ರಾಂ ಆಮ್ಲಜನಕ ಸೇರಿದರೆ 36 ಗ್ರಾಂ ನೀರು. ಆಮ್ಲಜನಕ ಅಷ್ಟೇ ಇದ್ದು ಜಲಜನಕವನ್ನು 8 ಗ್ರಾಂ ಮಾಡಿದರೂ ನೀರು 36 ಗ್ರಾಂ ಮಾತ್ರ. ಉಳಿದ ಜಲಜನಕ ಸುಮ್ಮನೆ ಉಳಿಯುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ. ಕೊರತೆ ಇರುವ ಕಡೆಯೇ ಮಿತಿ ಇರುತ್ತದೆ.

ನಾನು ಇಷ್ಟು ಹೇಳುವಷ್ಟರಲ್ಲಿ ತಾಯಿ ನಡುವೆ ಬಾಯಿ ಹಾಕಿದರು: “ಹಂಗಾದ್ರ ನಕ್ಷೆ ಬರೆಯಾಂವ ಹಳಬ, ನೇಯಾವ್ರನ್ನ ಅಷ್ಟ ಹೆಚ್ಚಿಗಿ ಕರಕೊಂಡು ಬಂದಂಗಾತು.” ಮಗನಿಗಿಂತ ಮೊದಲು ಅವರಿಗೆ ಅರ್ಥವಾಗಿತ್ತು. ಅವನ ಯಂತ್ರದ ಪ್ರೊಸೆಸರ್ ಹತ್ತು ವರ್ಷಕ್ಕೂ ಹಳೆಯದು, ನಾಲ್ಕು ಕೋರಿನದು.

ಆದರೆ ವಿಜ್ಞಾನದಲ್ಲಿ ಊಹೆ ಸಾಲದು, ಪ್ರಯೋಗ ಬೇಕು. ಲಾಮಾ ಕ್ಯಾಂಪಿನ ಗದೆನ್ ಮತ್ತು ಡ್ರೆಪುಂಗ್ ಮಠಗಳ ಅಂಗಳದಲ್ಲಿ ಭಿಕ್ಷುಗಳ ವಾದವನ್ನು ನೀವು ನೋಡಿರಬಹುದು. ಕೇಳುವವನು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ತನ್ನ ಮಾತನ್ನು ಸಮರ್ಥಿಸಿಕೊಳ್ಳಬೇಕು. ನಾವೂ ಯಂತ್ರಕ್ಕೆ ಒಂದು ಪ್ರಶ್ನೆ ಎಸೆದೆವು.

ನಕ್ಷೆ ಅದೇ ಇರಲಿ, ಗಂಟುಗಳ ಸಂಖ್ಯೆ ಕಡಿಮೆಯಾಗಲಿ. ಆಗ ಯಾರ ಕೆಲಸ ಹಗುರಾಗುತ್ತದೆ? ನೇಯುವವರದು ಮಾತ್ರ. ಆಟದಲ್ಲಿ ಇದನ್ನು ಮಾಡುವುದು ಸುಲಭ: ಚಿತ್ರದ ಅಳತೆಯನ್ನು 1920ಕ್ಕೆ 1080ರಿಂದ 1280ಕ್ಕೆ 720ಕ್ಕೆ ಇಳಿಸಬೇಕು. ಬಿಂದುಗಳು 20,73,600ರಿಂದ 9,21,600ಕ್ಕೆ ಇಳಿಯುತ್ತವೆ, ಅರ್ಧಕ್ಕಿಂತ ಕಡಿಮೆ. ಆಗ ಫ್ರೇಮ್ ರೇಟ್ ಚೆನ್ನಾಗಿ ಏರಿದರೆ ಅಡ್ಡಿಯಾಗಿದ್ದುದು ಕಾರ್ಡ್. ಏರದಿದ್ದರೆ ಪ್ರೊಸೆಸರ್ ಕಡೆಯ ಅಡ್ಡಿ. ಪ್ರಯೋಗಶಾಲೆಯ ನಿಯಮ ನೆನಪಿರಲಿ: ಒಮ್ಮೆಗೆ ಒಂದನ್ನೇ ಬದಲಿಸಬೇಕು, ಆಟದ ಅದೇ ಜಾಗದಲ್ಲಿ ನಿಂತು ಅಳೆಯಬೇಕು, ಮತ್ತು ಪರದೆಯ ವೇಗಕ್ಕೆ ಚಿತ್ರಗಳನ್ನು ಕಟ್ಟಿಹಾಕುವ ‘ವಿ-ಸಿಂಕ್’ ಆರಿಸಿರಬೇಕು. ಇಲ್ಲವಾದರೆ ಯಾವಾಗಲೂ 60 ಎಂದೇ ಕಂಡು ಮೋಸಹೋಗುತ್ತೀರಿ.

ಅಳೆದೆವು. ಹಳೆಯ ಕಾರ್ಡಿನಲ್ಲಿ ಸೆಕೆಂಡಿಗೆ 44 ಚಿತ್ರ ಬರುತ್ತಿತ್ತಂತೆ. ಹೊಸದರಲ್ಲಿ 46. ಅಳತೆ ಇಳಿಸಿದಾಗ 47. ಯಂತ್ರ ತಾನಾಗಿ ತಪ್ಪೊಪ್ಪಿಕೊಂಡಿತ್ತು.

“ಆದ್ರ ಗೆನ್‌ಲಾ, ಪ್ರೊಸೆಸರ್ ಅರವತ್ತು ಪರ್ಸೆಂಟೂ ಕೆಲಸ ಮಾಡಾಕತ್ತಿಲ್ಲಲ್ಲ?” ಎಂದು ಹುಡುಗ ಪರದೆಯ ಮೂಲೆಯ ಅಂಕಿ ತೋರಿಸಿದ. ಒಳ್ಳೆಯ ಪ್ರಶ್ನೆ; ಬಹಳ ಜನ ಎಡವುವುದು ಇಲ್ಲಿಯೇ. ಆ ಅಂಕಿ ಎಲ್ಲ ಕೋರ್‌ಗಳ ಸರಾಸರಿ. ಆಟದ ಮುಖ್ಯ ಲೆಕ್ಕ ಬಹುಮಟ್ಟಿಗೆ ಒಂದರ ಹಿಂದೊಂದಾಗಿ ಒಂದೇ ಕೋರ್ ಮೇಲೆ ನಡೆಯುತ್ತದೆ. ನಾಲ್ವರಲ್ಲಿ ಒಬ್ಬ ಬೆವರು ಸುರಿಸುತ್ತಿದ್ದು, ಉಳಿದವರು ಅವನ ದಾರಿ ಕಾಯುತ್ತಿದ್ದರೂ ಸರಾಸರಿ ಆರಾಮವಾಗಿಯೇ ಕಾಣುತ್ತದೆ. ಬದಲಾಗಿ ಕಾರ್ಡಿನ ಅಂಕಿ ನೋಡಬೇಕು. ಅದು 95ರ ಮೇಲಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ ಎನ್ನಬಹುದು. ಇಲ್ಲಿ 50ರ ಆಸುಪಾಸಿನಲ್ಲಿತ್ತು. ಹೊಸ ಕಾರ್ಡ್ ಅರ್ಧ ಹೊತ್ತು ನಕ್ಷೆಗಾಗಿ ಕಾಯುತ್ತಾ ಕುಳಿತಿತ್ತು!

ಒಂದು ಎಚ್ಚರಿಕೆ. ‘ಈ ಪ್ರೊಸೆಸರಿಗೆ ಈ ಕಾರ್ಡ್’ ಎಂಬ ಶಾಶ್ವತ ಜೋಡಿ ಇಲ್ಲ. ನೂರಾರು ಸೈನಿಕರು ಓಡಾಡುವ, ಇಡೀ ನಗರ ಕಟ್ಟುವ ಆಟಗಳಲ್ಲಿ ಪ್ರೊಸೆಸರಿನ ಹೊರೆ ಹೆಚ್ಚು. ನೆರಳು, ನೀರು, ಬೆಳಕಿನ ಪ್ರತಿಫಲನ ತುಂಬಿದ ಆಟಗಳಲ್ಲಿ ಕಾರ್ಡಿನ ಹೊರೆ ಹೆಚ್ಚು. 3840ಕ್ಕೆ 2160ರ ದೊಡ್ಡ ಪರದೆ ತಂದರೆ ಬಿಂದುಗಳು ನಾಲ್ಕು ಪಟ್ಟಾಗಿ ಕಾರ್ಡೇ ಮೊದಲು ಸುಸ್ತಾಗುತ್ತದೆ.

ಈ ಕೆಲಸದ ಹಂಚಿಕೆ ಮೊದಲಿನಿಂದ ಇದ್ದುದೂ ಅಲ್ಲ. 1993ರ ‘ಡೂಮ್’ ಆಟದಲ್ಲಿ ನಕ್ಷೆ, ನೇಯ್ಗೆ ಎರಡೂ ಪ್ರೊಸೆಸರಿನವೇ. ಸೆಕೆಂಡಿಗೆ 35 ಚಿತ್ರದ ಮೇಲೆ ಅದು ಹೋಗುತ್ತಿರಲಿಲ್ಲ. 1996ರಲ್ಲಿ ಬಂದ ‘ವೂಡೂ’ ಕಾರ್ಡು ಬಣ್ಣ ತುಂಬುವ ಕೆಲಸವನ್ನು ವಹಿಸಿಕೊಂಡಿತು. 1999ರಲ್ಲಿ ಎನ್‌ವಿಡಿಯಾದ ‘ಜಿಫೋರ್ಸ್ 256’ ಆಕೃತಿಗಳನ್ನು ತಿರುಗಿಸುವ, ಬೆಳಕು ಬೀಳಿಸುವ ಲೆಕ್ಕವನ್ನೂ ಪ್ರೊಸೆಸರಿನ ಹೆಗಲಿನಿಂದ ಇಳಿಸಿಕೊಂಡಿತು. ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ರೂಪಿಸುವ ಎಎಮ್‌ಡಿ ಕಂಪನಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಒಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡು ಎಂಬ ಲೆಕ್ಕ ಇಂಥ ಕಡೆ ಅನ್ನ ಕೊಡುವ ವಿದ್ಯೆ. ಆಟವಾಡುವ ಹುಡುಗನಿಗೆ ಆ ಲೆಕ್ಕ ಕೇಳಿ ನೋಡಿ. ಆಸಕ್ತಿ ಆಟದ್ದೋ ವಿದ್ಯೆಯದೋ ಗೊತ್ತಾಗುತ್ತದೆ.

ಪೋಷಕರು ಹಣ ಎಣಿಸುವ ಮೊದಲು ನಾಲ್ಕು ವಿಷಯ ವಿಚಾರಿಸಲಿ. ಒಂದು, ಈಗಿರುವ ಯಂತ್ರದಲ್ಲಿ ಮೇಲಿನ ಪ್ರಯೋಗ ಮಾಡಿ ಅಡ್ಡಿ ಎಲ್ಲಿದೆ ಎಂದು ತಿಳಿಯಬೇಕು. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಎರಡು, ಪರದೆಯ ವೇಗ ನೋಡಬೇಕು. 60 ಹರ್ಟ್ಸ್ ಪರದೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸಲಾರದು. ಮೂರು, ಹೊಸ ಕಾರ್ಡಿಗೆ ಬೇಕಾದಷ್ಟು ವಿದ್ಯುತ್ತನ್ನು ಡಬ್ಬದೊಳಗಿನ ಪವರ್ ಸಪ್ಲೈ ಕೊಡಬಲ್ಲುದೇ, ಗಾಳಿಯಾಡುತ್ತದೆಯೇ ಎಂದು ಕೇಳಬೇಕು. ಕಾವೇರಿದರೆ ಎರಡೂ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ನಾಲ್ಕು, ಪ್ರೊಸೆಸರ್ ಬದಲಿಸುವುದಾದರೆ ಹಳೆಯ ಮದರ್‌ಬೋರ್ಡಿಗೆ ಅದು ಕೂರುತ್ತದೆಯೇ ನೋಡಬೇಕು. ಕೂರದಿದ್ದರೆ ಬೋರ್ಡು, ಅದರ ಹಿಂದೆ ಮೆಮೊರಿ ಎಂದು ಖರ್ಚಿನ ಬಾಲ ಬೆಳೆಯುತ್ತದೆ. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇನ್ನೊಂದು ಮಾತು: ಸಾಮಾನ್ಯವಾಗಿ ಅದರಲ್ಲಿ ಈ ಜೋಡಿಯನ್ನು ಆಮೇಲೆ ಬದಲಿಸಲಾಗದು. ಒಂದೇ ಹೆಸರಿನ ಕಾರ್ಡ್ ಕೂಡ ಒಂದು ಮಾದರಿಯಲ್ಲಿ ಹೆಚ್ಚು ವ್ಯಾಟ್, ಇನ್ನೊಂದರಲ್ಲಿ ಕಡಿಮೆ ವ್ಯಾಟ್ ಪಡೆದು ಬೇರೆ ಬೇರೆ ವೇಗದಲ್ಲಿ ಓಡುತ್ತದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮ್ಮ ರೈತರಿಗೆ ಗೊತ್ತು. ಒಂದೇ ಎತ್ತಿಗೆ ಇದ್ದಬದ್ದ ದುಡ್ಡನ್ನೆಲ್ಲ ಸುರಿಯುವ ರೈತನಿಲ್ಲ. ಜೋಡಿ ನೋಡಿ ಕೊಳ್ಳುತ್ತಾನೆ.

ಕಡೆಗೆ ಆ ತಾಯಿಯ ಪ್ರಶ್ನೆ: ಹಣ ನೀರಿಗೆ ಹೋಯಿತೇ? ಇಲ್ಲ ಎಂದೆ. ಕಾರ್ಡ್ ಅರ್ಧ ಹೊತ್ತು ಬಿಡುವಾಗಿರುವುದರಿಂದ ಚಿತ್ರದ ಗುಣಮಟ್ಟವನ್ನು ಮೇಲಿನ ದರ್ಜೆಗೆ ಏರಿಸಿದೆವು. ವೇಗ 45ರಲ್ಲಿ ನಿಂತಿತು. ಒಂದೇ ಒಂದು ಚಿತ್ರ ಕಳೆದು, ನೋಟ ಎಷ್ಟೋ ಚೆನ್ನಾಯಿತು. ಅದಕ್ಕಿಂತ ಮುಖ್ಯವಾಗಿ, ‘ಬ್ಲೆಂಡರ್’ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಚಿತ್ರ ಸಿದ್ಧಪಡಿಸುವಾಗ ಬೆಳಕಿನ ಲೆಕ್ಕದ ಭಾರವನ್ನೆಲ್ಲ ಕಾರ್ಡಿಗೇ ವಹಿಸಬಹುದು. ಅಲ್ಲಿ ಒಂದು ನಕ್ಷೆ ಕೊಟ್ಟರೆ ನೇಯುವವರಿಗೆ ನಿಮಿಷಗಟ್ಟಲೆ ಕೆಲಸ. ಹಳೆಯ ನಕ್ಷೆಗಾರ ಅಡ್ಡಿಯಾಗುವುದು ಕಡಿಮೆ. ಹುಡುಗ ಕಲಿಯಬೇಕೆಂದಿದ್ದದ್ದೂ ಅದನ್ನೇ ಅಲ್ಲವೇ?

ಪ್ರೊಸೆಸರನ್ನು ಮುಂದಿನ ಸ್ವೆಟರ್ ಹಂಗಾಮು ಮುಗಿದ ಮೇಲೆ ನೋಡೋಣವೆಂದು ತಾಯಿ-ಮಗ ಒಪ್ಪಿಕೊಂಡರು. ಮೊನ್ನೆ ಹೋದಾಗ ಅವನ ಪರದೆಯ ಮೇಲೆ ಮಣೆಯ ಕಂಬಳಿಯ ಆ ಎರಡು ಡ್ರ್ಯಾಗನ್‌ಗಳಲ್ಲಿ ಒಂದು ಮೆಲ್ಲಗೆ ತಿರುಗುತ್ತಿತ್ತು. ತಾಯಿ ಕನ್ನಡಕ ಏರಿಸಿಕೊಂಡು ನೋಡಿ, ಬಾಲದ ಹತ್ತಿರ ಒಂದು ಸುರುಳಿ ತಪ್ಪಿದೆ ಎಂದು ತೋರಿಸಿಕೊಟ್ಟರು.