ಬೆಕ್ಕಿಗೆ ಮೂತ್ರ ಕಟ್ಟಿದರೆ ಬೆಳಗಿನವರೆಗೆ ಕಾಯಬೇಡಿ



ಈ ಅಂಕಣದಲ್ಲಿ ಎತ್ತಿನ ಆರೈಕೆ, ಆಕಳ ಕೆಚ್ಚಲು ಬಾವು, ಆಡು-ಕುರಿಗಳ ಜಂತುಹುಳುಗಳ ಬಗ್ಗೆ ಓದುತ್ತಾ ಬಂದಿದ್ದೀರಿ. ಈ ಸಲ ಬೆಕ್ಕಿನ ಬಗ್ಗೆ ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮನೆಗಳಲ್ಲಿ ಜೋಳ, ಕಡಲೆ, ತೊಗರಿಯ ಚೀಲಗಳನ್ನು ಇಲಿಗಳಿಂದ ಕಾಯುವವರು ಯಾರು? ಸಂಬಳ ಕೇಳದೆ ರಾತ್ರಿಯಿಡೀ ದುಡಿಯುವ ಈ ಬೆಕ್ಕೇ ಅಲ್ಲವೇ? ಎತ್ತಿಗೆ ಕಾಯಿಲೆಯಾದರೆ ಡಾಕ್ಟರರನ್ನು ಕರೆಯುತ್ತೇವೆ. ಬೆಕ್ಕಿಗಾದರೆ "ಬದುಕಿದರೆ ಬದುಕಲಿ" ಎನ್ನುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಗುರುನಿವಾಸದಲ್ಲಿ ಒಂದು ಗಂಡು ಬೆಕ್ಕಿತ್ತು. ಪವಿತ್ರ ವಾರದ ಓಡಾಟದಲ್ಲಿದ್ದ ನಾನು, ಅದು ಮೂಲೆಯಲ್ಲಿ ಕುಳಿತು ತಿಣುಕುವುದನ್ನು ಕಂಡು ಮಲಬದ್ಧತೆ ಎಂದು ತಿಳಿದೆ. ಹಾಲಿನಲ್ಲಿ ಹರಳೆಣ್ಣೆ ಬೆರೆಸಿ ಕುಡಿಸಿ, "ಹಬ್ಬ ಮುಗಿಯಲಿ, ಆಮೇಲೆ ನೋಡೋಣ" ಎಂದುಕೊಂಡೆ. ಪವಿತ್ರ ಶನಿವಾರ ಬೆಳಿಗ್ಗೆ ಅದು ಕಟ್ಟಿಗೆ ರಾಶಿಯ ಹಿಂದೆ ಸತ್ತು ಬಿದ್ದಿತ್ತು. ಅದಕ್ಕೆ ಕಟ್ಟಿದ್ದು ಮಲವಲ್ಲ, ಮೂತ್ರ ಎಂದು ಪಶುವೈದ್ಯರೊಬ್ಬರು ಆಮೇಲೆ ವಿವರಿಸಿದರು.

ಆ ಪಾಠ ಕಳೆದ ಬೇಸಿಗೆಯಲ್ಲಿ ಉಪಯೋಗಕ್ಕೆ ಬಂತು. ಭಾನುವಾರದ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು, "ಫಾದರ್, ನಮ್ಮ ಬೆಕ್ಕು ನಿನ್ನೆ ಸಂಜಿಂದ ಒಲಿ ಬೂದ್ಯಾಗ ಕುಂತು ಒದರ್ಲತ್ತದ್ರಿ. ಹೊಟ್ಟಿ ಕಟ್ಯಾದೋ ಏನೋ" ಎಂದರು. "ಗಂಡೋ ಹೆಣ್ಣೋ, ಯಮ್ಮಾ? ಉಚ್ಚಿ ಹೊಯ್ದದ್ದು ಕಣ್ಣಾರೆ ನೋಡಿದ್ದೀರೇನು?" ಎಂದು ಕೇಳಿದೆ. ಗಂಡು, ನೋಡಿಲ್ಲ ಎಂದರು. ಊಟಕ್ಕೂ ಕಾಯದೆ ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿಗೆ ಹೋಗಲು ಹೇಳಿದೆ.

ಇದರ ಕಾರಣ ಹೀಗಿದೆ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ. ಮೂತ್ರದಲ್ಲಿನ ಹರಳುಪುಡಿ, ಲೋಳೆ ಅಥವಾ ಸಣ್ಣ ಕಲ್ಲು ಅಲ್ಲಿ ಬೆಣೆಯಂತೆ ಕೂರುತ್ತದೆ. ಹೆಣ್ಣು ಬೆಕ್ಕಿನ ನಾಳ ಅಗಲವಾಗಿರುವುದರಿಂದ ಅದಕ್ಕೆ ಹೀಗಾಗುವುದು ಅಪರೂಪ. ಮೂತ್ರ ಹೊರಗೆ ಹೋಗದಿದ್ದರೆ ಚೀಲ ಬಿಗಿಯುತ್ತದೆ, ಮೂತ್ರಪಿಂಡಗಳ ಕೆಲಸ ನಿಲ್ಲುತ್ತದೆ, ಹೊರಹೋಗಬೇಕಾದ ವಿಷ ರಕ್ತದಲ್ಲಿಯೇ ಉಳಿಯುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಬೆಕ್ಕು ವಾಂತಿ ಮಾಡಿ, ಆಹಾರ ಬಿಟ್ಟು, ಮಂಕಾಗುತ್ತದೆ. ಎರಡು ಮೂರು ದಿನಗಳಲ್ಲಿ ಸಾಯಬಹುದು.

ರಕ್ತ ಪರೀಕ್ಷೆಯ ಚೀಟಿ ಬಂದಾಗ ಆ ಮನೆಯ ಮಗ ನನಗೆ ಫೋನ್ ಮಾಡಿದ. "ಎಲ್ಲಾ ಹೆಚ್ಚಾಗ್ಯಾವ ಫಾದರ್. ಕಿಡ್ನಿನೇ ಹೋಗ್ಯಾವಂತ ಕಾಣ್ತದ. ಸುಮ್ನ ರೊಕ್ಕ ಯಾಕ್ ಹಾಳು ಮಾಡೋದ್ರಿ?" ಎಂದ. ಬಹಳ ಜನ ಕೈಬಿಡುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ಗಮನವಿಟ್ಟು ಓದಿರಿ.

ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ ಡೆಸಿಲೀಟರಿಗೆ 2 ಮಿಲಿಗ್ರಾಂ ಒಳಗೆ ಇರುತ್ತದೆ. ಮೂತ್ರ ಕಟ್ಟಿದಾಗ ಅದು 10ನ್ನು ದಾಟಬಹುದು. ಯೂರಿಯಾ ಕೂಡ ಏರುತ್ತದೆ. ಆದರೆ ಈ ಏರಿಕೆ ಮೂತ್ರಪಿಂಡ ಸತ್ತಿದೆ ಎಂಬ ತೀರ್ಪಲ್ಲ. ತೂಬು ಮುಚ್ಚಿದ ಕೆರೆಯಲ್ಲಿ ನೀರು ಏರಿದಂತೆ ಅದು. ತೂಬು ತೆರೆದರೆ ಇಳಿಯುತ್ತದೆ. ನಳಿಕೆ ಹಾಕಿ ಮೂತ್ರ ತೆಗೆದು ಸಲಾಯಿನ್ ಕೊಟ್ಟರೆ ಎಷ್ಟೋ ಬೆಕ್ಕುಗಳಲ್ಲಿ ಎರಡು ಮೂರು ದಿನಗಳಲ್ಲಿ ಈ ಅಂಕಿಗಳು ಮೊದಲಿನಂತಾಗುತ್ತವೆ. ನಿಜವಾಗಿ ಅಂಜಬೇಕಾದ ಅಂಕಿ ಪೊಟ್ಯಾಶಿಯಂ. ಅದು 5.5ರ ಆಸುಪಾಸಿನ ಮಿತಿಯನ್ನು ದಾಟಿ 8ರ ಹತ್ತಿರ ಹೋದರೆ ಹೃದಯದ ಬಡಿತವೇ ನಿಧಾನವಾಗಿ ನಿಂತುಹೋಗಬಹುದು. ತಡ ಮಾಡಬಾರದು ಎನ್ನುವುದು ಇದಕ್ಕಾಗಿಯೇ. ಆ ಹುಡುಗನಿಗೆ ಡಾಕ್ಟರರು, "ಎರಡು ದಿನ ಬಿಟ್ಟು ಮತ್ತೊಮ್ಮೆ ರಕ್ತ ನೋಡೋಣ, ಆಮೇಲೆ ತೀರ್ಮಾನಿಸೋಣ" ಎಂದರು. ಬೆಕ್ಕು ಉಳಿಯಿತು.

ಮುದಿ ಬೆಕ್ಕಿನ ವಿಷಯ ಬೇರೆ. ಹತ್ತು ವರ್ಷ ದಾಟಿದ ಬೆಕ್ಕು ಬಡಕಲಾಗುತ್ತಾ, ಪದೇ ಪದೇ ನೀರು ಕುಡಿದು, ಹೆಚ್ಚು ಮೂತ್ರ ಮಾಡುತ್ತಿದ್ದರೆ ಅದು ಮೂತ್ರಪಿಂಡದ ಹಳೆಯ ಸವೆತವಿರಬಹುದು. ಆಗ ಕ್ರಿಯಾಟಿನಿನ್ ಏರಿದ್ದರೆ ಬಹುಪಾಲು ಶಕ್ತಿ ಕುಂದಿದೆ ಎಂದೇ ಅರ್ಥ. ಅದು ಪೂರ್ತಿ ಗುಣವಾಗದು. ಆದರೂ ಸರಿಯಾದ ಆಹಾರ, ನೀರಿನಿಂದ ಕೆಲವು ಕಾಲ ನೆಮ್ಮದಿಯಾಗಿ ಬಾಳಬಹುದು.

ಮನೆಯಲ್ಲಿ ನೆನಪಿಡಬೇಕಾದ ಮಾತುಗಳು ಇವು:

ಪ್ಯಾರಾಸಿಟಮಾಲ್ ಕೊಡಬೇಡಿ. ನಮಗೆ ಜ್ವರ ಇಳಿಸುವ 500 ಮಿಲಿಗ್ರಾಂನ ಒಂದೇ ಗುಳಿಗೆ ಬೆಕ್ಕಿನ ರಕ್ತವನ್ನು ಕೆಡಿಸಿ ಕೊಲ್ಲಬಲ್ಲದು. ಮನುಷ್ಯರ ಬೇರೆ ನೋವಿನ ಗುಳಿಗೆಗಳೂ ಬೇಡ.

ಉಬ್ಬಿದ ಹೊಟ್ಟೆಯನ್ನು ಒತ್ತಬೇಡಿ. ಮೂತ್ರದ ಚೀಲ ಒಡೆಯಬಹುದು.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರಿನ ರೊಟ್ಟಿ ಹಾಕಬೇಡಿ. ಇವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಹಾಕುವ ಮೊದಲೇ ಮಾಂಸದ, ಮೀನಿನ ಚೂರುಗಳನ್ನು ಬೇಯಿಸಿ ತೆಗೆದಿಡಿ.

ಬೇಸಿಗೆಯಲ್ಲಿ ಎರಡು ಮೂರು ಕಡೆ ಶುದ್ಧ ನೀರಿಡಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ. ಒಮ್ಮೆ ಮೂತ್ರ ಕಟ್ಟಿದ ಬೆಕ್ಕಿಗೆ ಮುಂದಿನ ವಾರಗಳಲ್ಲಿ ಮತ್ತೆ ಕಟ್ಟುವ ಸಂಭವವಿರುವುದರಿಂದ ಕಣ್ಣಿಟ್ಟಿರಿ.

ಮೂತ್ರದಲ್ಲಿ ರಕ್ತ ಕಂಡರೆ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಡಾಕ್ಟರರಿಗೆ ತಪ್ಪದೆ ಹೇಳಿ. ಕೆಲವು ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ.

ಎತ್ತು, ಹೋತಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೀಜ ಒಡೆಸಿದ ಎತ್ತು ಬಾಲ ಅಲ್ಲಾಡಿಸುತ್ತಾ, ಹೊಟ್ಟೆಗೆ ಒದೆಯುತ್ತಾ, ತಿಣುಕಿ ಹನಿ ಹನಿಯಾಗಿ ಮೂತ್ರ ಹಾಕಿದರೆ ನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಅಲ್ಲಿಯೂ ಗಂಟೆಗಳ ಲೆಕ್ಕವೇ.

ನಮ್ಮ ಭಾಗದವರ ಅದೃಷ್ಟವೆಂದರೆ ಉದಗೀರದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ಅದು ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಗಡಿಯಾಚೆ ಬೀದರಿನಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಊರಿನ ಹತ್ತಿರದ ಸರಕಾರಿ ಪಶು ದವಾಖಾನೆಯಿಂದಲೇ ಆರಂಭಿಸಿರಿ. ಅಲ್ಲಿ ನಳಿಕೆ ಹಾಕಲು ಆಗದಿದ್ದರೆ ಎಲ್ಲಿಗೆ ಹೋಗಬೇಕೆಂದು ಅಂದೇ ಕೇಳಿರಿ.

ಕೊನೆಯದು ಹಣದ ಮಾತು. ಮಕ್ಕಳ ಶಾಲೆಯ ಫೀಸು ಕಟ್ಟಲಾಗದ ಮನೆಯವರು ಬೆಕ್ಕಿಗಾಗಿ ಸಾಲ ಮಾಡಬೇಕೆಂದು ನಾನು ಹೇಳುತ್ತಿಲ್ಲ. 1992ರಲ್ಲಿ ಪ್ರಕಟವಾದ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2418ನೆಯ ಪರಿಚ್ಛೇದದಲ್ಲಿ ಎರಡನ್ನೂ ಹೇಳುತ್ತದೆ. ಪ್ರಾಣಿಯನ್ನು ಅನಾವಶ್ಯಕವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಬಡವರ ಸಂಕಟ ನೀಗಿಸಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕುದಲ್ಲ. ಆದ್ದರಿಂದ ಡಾಕ್ಟರರಿಗೆ ನಿಮ್ಮ ಕೈಲಾಗುವುದೆಷ್ಟು ಎಂದು ಸಂಕೋಚವಿಲ್ಲದೆ ಮೊದಲೇ ಹೇಳಿರಿ. ಉಳಿಸಲು ಸಾಧ್ಯವಿಲ್ಲವಾದರೆ ನೋವಿಲ್ಲದೆ ಕೊನೆಗಾಣಿಸುವ ಸೂಜಿಮದ್ದು ಅವರಲ್ಲಿದೆ. ಮೂರು ದಿನ ಕಟ್ಟಿಗೆ ರಾಶಿಯ ಹಿಂದೆ ನರಳಿಸುವುದಕ್ಕಿಂತ ಅದು ಎಷ್ಟೋ ಮೇಲು. ಹೋಗಿ ಕೇಳುವುದಕ್ಕೆ ಖರ್ಚು ಕಡಿಮೆ. ನಾನು ಆ ಪವಿತ್ರ ವಾರದಲ್ಲಿ ಮಾಡದೆ ಹೋದದ್ದು ಅದನ್ನೇ.

ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಬೆಕ್ಕನ್ನು ಒಮ್ಮೆ ನೋಡಿರಿ. ಅದರ ನೀರಿನ ಬಟ್ಟಲು ತುಂಬಿದೆಯೇ ಎಂದೂ ನೋಡಿರಿ.